ತಲೆಕಟ್ಟು ತಪ್ಪಿದ ಅರ್ಜಿ

ಹುಬ್ಬಳ್ಳಿಯಿಂದ ಬರುವ ಬಸ್ಸು ಸೊರಬದ ನಿಲ್ದಾಣಕ್ಕೆ ಬಂದು ನಿಂತರೆ ಎಲ್ಲರೂ ಸೀಟು ಹಿಡಿಯಲು ಬಾಗಿಲ ಕಡೆ ನುಗ್ಗುತ್ತಿದ್ದರು. ನಾನು ಮಾತ್ರ ಡ್ರೈವರ್ ಬಾಗಿಲಿನ ಕಡೆ ಓಡುತ್ತಿದ್ದೆ. ಅವರ ಸೀಟಿನ ಹಿಂದೆ ಸುತ್ತಿ ಕಟ್ಟಿದ ಪತ್ರಿಕೆಯ ಕಟ್ಟು ಇರುತ್ತಿತ್ತು. ಅಂಗಡಿಯವನು ಅದನ್ನು ಇಳಿಸಿಕೊಂಡು ದಾರ ಬಿಚ್ಚುವಷ್ಟರಲ್ಲಿ ನಾನು ಕೈ ಚಾಚಿ ನಿಂತಿರುತ್ತಿದ್ದೆ. ನಮ್ಮ ಶಿಕಾರಿಪುರಕ್ಕೆ ಬರುತ್ತಿದ್ದ ಪತ್ರಿಕೆಯಲ್ಲಿ ಹುಬ್ಬಳ್ಳಿಯ ಸಣ್ಣ ಜಾಹೀರಾತುಗಳು ಇರುತ್ತಿರಲಿಲ್ಲ. ಆನವಟ್ಟಿ ದಾರಿಯಲ್ಲಿ ಬರುವ ಈ ಬಸ್ಸಿನ ಕಟ್ಟಿನಲ್ಲಿ ಇರುತ್ತಿದ್ದವು. ಹಾಗಾಗಿ ತೊಂಬತ್ತಾರನೇ ಇಸವಿಯ ಜನವರಿಯಿಂದ ಮಾರ್ಚ್‌ವರೆಗೆ ಒಂದೇ ಒಂದು ಭಾನುವಾರವೂ ತಪ್ಪಿಸದೆ ನಾನು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಪತ್ರಿಕೆ ಕೊಂಡು, ಅದೇ ದಾರಿಯಲ್ಲಿ ತಿರುಗಿ ಬಂದೆ.

ಪತ್ರಿಕೆ ಮಾರುವವನಿಗೆ ಮೂರನೆಯ ವಾರಕ್ಕೆ ಅನುಮಾನ ಬಂತು.

"ಎಂತ ಮಾರಾಯ್ರೆ, ನಿಮ್ಮೂರಲ್ಲಿ ಪೇಪರ್ ಬರಲ್ವಾ?"

"ಬರುತ್ತೆ. ಇದು ಬರಲ್ಲ."

"ಹುಬ್ಬಳ್ಳಿ ಸುದ್ದಿ ಕಟ್ಕೊಂಡು ನಿಮಗೆಂತಾ ಆಗ್ಬೇಕು?"

ಏನಾಗಬೇಕಿತ್ತು ಎಂದು ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನನ್ನ ಮದುವೆಯಾಗಿ ಆಗಿನ್ನೂ ಆರು ತಿಂಗಳು ತುಂಬಿರಲಿಲ್ಲ. ನನ್ನ ಹೆಂಡತಿ ಸೊರಬದ ಹತ್ತಿರದ ಕುಪ್ಪಗಡ್ಡೆಯವಳು, ನರ್ಸಿಂಗ್ ಓದಿದವಳು. ಮದುವೆಗೆ ಮೊದಲೇ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಜನವರಿ ಮೊದಲ ವಾರದಲ್ಲಿ ನೇಮಕಾತಿ ಆದೇಶ ಬಂತು: ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಲು ಕೊಟ್ಟ ಗಡುವು ಸಾಲದು ಎಂದು ಬರೆದುಕೊಂಡಿದ್ದಕ್ಕೆ ಒಂದೇ ಒಂದು ಸಲ ವಿಸ್ತರಿಸಿ, ಮಾರ್ಚ್ ಮೂವತ್ತರೊಳಗೆ ಹಾಜರಾಗದಿದ್ದರೆ ಆದೇಶ ತಾನಾಗಿಯೇ ರದ್ದು ಎಂದು ತಿಳಿಸಿದ್ದರು.

ಆದೇಶ ಬಂದ ದಿನ ಅಪ್ಪಾಜಿ ಅಂಗಡಿಯಿಂದ ಊಟಕ್ಕೆ ಬಂದಾಗ ಅದನ್ನು ಅವರ ಮುಂದಿಟ್ಟೆ. ನಮ್ಮದು ಪೇಟೆಯಲ್ಲಿ ಕಿರಾಣಿ ಅಂಗಡಿ. ಅವರು ಯಾವ ಕಾಗದವನ್ನೂ ಎರಡು ಸಲ ಓದದೆ ಮಾತಾಡುವವರಲ್ಲ. ಓದಿದರು, ಮಡಚಿದರು, ಮತ್ತೆ ಬಿಚ್ಚಿ ಓದಿದರು.

"ಅಲ್ಲಿ ಒಬ್ಳೇ ಎಲ್ಲಿರ್ತಾಳೆ?"

"ನರ್ಸುಗಳ ಹಾಸ್ಟೆಲ್ ಐತಂತೆ ಅಪ್ಪಾಜಿ."

"ಮದುವೆ ಮಾಡ್ಕಂಡು ಬಂದು ಆರು ತಿಂಗ್ಳಾಗಿಲ್ಲ, ಸೊಸೆನ ಹಾಸ್ಟೆಲ್ಲಿಗೆ ಕಳ್ಸಾದಾ? ಹೋದ್ರೆ ಇಬ್ರೂ ಹೋಗ್ರಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ಒಂದ್ ಮಾತು. ಅವ್ಳು ಡ್ಯೂಟಿಗೆ ಹೋದ್ಮೇಲೆ ನೀನು ಬಾಗ್ಲಾಗೆ ಕೂತು ಹಾದಿ ಕಾಯಾದು ನಂಗೆ ಸೇರಲ್ಲ. ಕೆಲ್ಸ ಹಿಡ್ಕಂಡು ಹೋಗು. ಹೋಗಿ ಹುಡುಕ್ತೀನಿ ಅನ್ನಬ್ಯಾಡ."

"ಸಿಗದಿದ್ರೆ?"

"ಸಿಗದಿದ್ರೆ ಇಬ್ರೂ ಇಲ್ಲೇ. ಹೆಂಡ್ತಿ ಅನ್ನಕ್ಕೆ ಗಂಡ ಹೋದ ಅಂತ ಪೇಟ್ಯಾಗೆ ಅನ್ನಿಸ್ಕಳಾಕೆ ನನ್ ಕೈಲಾಗಲ್ಲ."

ಅಪ್ಪಾಜಿಯ ಮಾತು ಅಂಗಡಿಯ ತಕ್ಕಡಿಯಂತೆ. ಒಮ್ಮೆ ನಿಂತರೆ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಆಮೇಲೆ ಕೋಣೆಯಲ್ಲಿ ನಗುತ್ತಲೇ ಹೇಳಿದಳು: "ಮಾವ ಹೇಳಿದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದ್ರೆ ಇದೆಂತದ್ರೀ? ನನ್ ಕೆಲ್ಸಕ್ಕೆ ನೀವು ಪಾಸಾಗ್ಬೇಕಾಯ್ತಲ್ಲ!"

ಅವಳು ನಕ್ಕರೂ ನನಗೆ ಗೊತ್ತಿತ್ತು. ಓದು ಮುಗಿಸಿದ ವರ್ಷ ಹೊಲಿಸಿಕೊಂಡಿದ್ದ ಬಿಳಿ ಸಮವಸ್ತ್ರವನ್ನು ಅವಳು ಟ್ರಂಕಿನ ತಳದಿಂದ ತೆಗೆದು ಮೇಲಿಟ್ಟಿದ್ದಳು. ಆಗಾಗ ಅದನ್ನು ಬಿಡಿಸಿ ಮತ್ತೆ ಮಡಚುತ್ತಿದ್ದಳು. ಒಂದು ಗೆರೆಯೂ ಸುಕ್ಕಾಗಿರುತ್ತಿರಲಿಲ್ಲ, ಆದರೂ ಮಡಚುತ್ತಿದ್ದಳು. ನನಗೂ ಊರು ಬಿಡುವ ಆಸೆ ಒಳಗೊಳಗೇ ಕುದಿಯುತ್ತಿತ್ತು. ಹುಬ್ಬಳ್ಳಿಯನ್ನು ನಾನು ಅದುವರೆಗೆ ಎರಡೇ ಸಲ ನೋಡಿದ್ದೆ, ಎರಡು ಸಲವೂ ಅಂಗಡಿಯ ಸಾಮಾನಿಗೆ ಅಪ್ಪಾಜಿಯ ಜೊತೆ. ಅಲ್ಲಿ ಒಂದು ಬಾಡಿಗೆ ಮನೆ, ಅದರ ಕೀಲಿಕೈ ನಮ್ಮಿಬ್ಬರಲ್ಲಿ ಯಾರು ಮೊದಲು ಬರುತ್ತಾರೋ ಅವರ ಹತ್ತಿರ. ಇಷ್ಟನ್ನು ನೆನೆದರೇ ನಿದ್ದೆ ಹಾರುತ್ತಿತ್ತು.

ನಾನು ಶಿಕಾರಿಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸಾಗಿದ್ದೆ. ಹದಿಮೂರು ಮಷೀನುಗಳು, ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಬ್ಯಾಚು. ಗೋಡೆಗೆ ಒಂದೇ ಒಂದು ಬೋರ್ಡು ನೇತುಹಾಕಿದ್ದೆವು: "ನೋಡಿದ್ದನ್ನು ನೋಡಿದಂತೆ ಹೊಡೆಯಿರಿ." ಟೈಪಿಂಗ್ ಕಲಿಯುವವರ ಮೊದಲ ಶತ್ರು ಅರ್ಥ. ಅರ್ಥ ಹುಡುಕಲು ಹೋದರೆ ಬೆರಳು ನಿಲ್ಲುತ್ತದೆ, ವೇಗ ಹೋಗುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದುವ ಅಧಿಕಾರ ನಮಗಿಲ್ಲ. ಇದನ್ನು ನಾನು ಪ್ರತಿ ಬ್ಯಾಚಿಗೂ ಮಂತ್ರದಂತೆ ಹೇಳಿಕೊಡುತ್ತಿದ್ದೆ.

ಅರ್ಜಿಗಳಿಗೆ ನಾನು ಹಾಕಿಕೊಂಡ ಉಪಾಯ ಇದೇ ಮಂತ್ರದಿಂದ ಹುಟ್ಟಿತು. ಸೀನಿಯರ್ ಪರೀಕ್ಷೆಗೆ ಪತ್ರದ ನಮೂನೆಗಳನ್ನು ಹೊಡೆಯುವ ಅಭ್ಯಾಸ ಮಾಡಿಸಲೇಬೇಕು. ಸುಮ್ಮನೆ ಯಾರದೋ ಕಲ್ಪಿತ ಅರ್ಜಿಯನ್ನು ಹೊಡೆಸುವ ಬದಲು ನನ್ನ ಅರ್ಜಿಯನ್ನೇ ಹೊಡೆಸಿದರೆ? ಅವರಿಗೆ ಅಭ್ಯಾಸ, ನನಗೆ ಅರ್ಜಿ. ಮೇಲಿನ ವಿಳಾಸ ಮಾತ್ರ ಬದಲಾಗಬೇಕು. ಒಂದು ಒಳ್ಳೆಯ ಕೈಬರಹದ ಪ್ರತಿ ಸಿದ್ಧಮಾಡಲು ಕೂತೆ. ನಮ್ಮ ಮನೆಯಲ್ಲಿ ಗೆದ್ದ ಅರ್ಜಿ ಎಂದು ಇದ್ದದ್ದು ಒಂದೇ, ನನ್ನ ಹೆಂಡತಿಯದು. ಅದರ ಕರಡನ್ನೇ ಎದುರಿಗಿಟ್ಟುಕೊಂಡು, ವಿದ್ಯಾಭ್ಯಾಸ ಮತ್ತು ಅನುಭವದ ಭಾಗ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಳಿಸಿದೆ. ಮಾರ್ಜಿನ್ ಅಳೆದು ಗೆರೆ ಹಾಕಿದೆ. ಒಂದೊಂದು ಸಾಲಿಗೂ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಎಣಿಸಿದೆ. ಎಣಿಸುವುದು ನನಗೆ ಉಸಿರಾಟದಷ್ಟೇ ಸಹಜ. ಡೈರಿಯಲ್ಲಿ ನಾಲ್ಕು ಕಾಲಂ ಎಳೆದೆ: ಕಳಿಸಿದ ದಿನ, ಯಾರಿಗೆ, ಟೈಪು ಮಾಡಿದವರು, ಉತ್ತರ.

ಒಂದು ಸಾಲಿಗೆ ಮಾತ್ರ ಬಹಳ ಹೊತ್ತು ತಡವರಿಸಿದೆ. ಇರುವ ಕೆಲಸ ಬಿಟ್ಟು ಬೇರೆ ಊರಿಗೆ ಏಕೆ ಬರುತ್ತಿದ್ದೀರಿ ಎಂದು ಯಾರಾದರೂ ಕೇಳುತ್ತಾರಲ್ಲ? ಅದಕ್ಕೆ, "ಕೌಟುಂಬಿಕ ಕಾರಣಗಳಿಂದ ಹುಬ್ಬಳ್ಳಿಯಲ್ಲಿ ನೆಲೆಸಲು ನಿಶ್ಚಯಿಸಿರುತ್ತೇನೆ" ಎಂದು ಬರೆದೆ.

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. "ಕೌಟುಂಬಿಕ ಕಾರಣ ಅಂದ್ರೆ ನಾನಾ?"

"ಹೂಂ."

"ಹೆಂಡ್ತಿ ಅಂತ ಬರೆಯಕ್ಕೆ ನಾಚ್ಕೆಯಾ?"

"ಹಾಗಲ್ಲ. ಅರ್ಜಿಯ ಭಾಷೆ ಅದು."

"ಅರ್ಜಿಗೆ ನಾಚ್ಕೆ ಅಂದಂಗಾಯ್ತು" ಎಂದು ಹೇಳಿ ಹೋದಳು.

ಭಾನುವಾರ ಸೊರಬದ ಪತ್ರಿಕೆ, ರಾತ್ರಿ ಊಟವಾದ ಮೇಲೆ ಅವಳು ಜಾಹೀರಾತು ಓದುವುದು, ನಾನು ಪೆನ್ಸಿಲಿನಲ್ಲಿ ಸುತ್ತು ಹಾಕುವುದು, ಸೋಮವಾರ ಬ್ಯಾಚಿಗೆ ಅರ್ಜಿ ಹಂಚುವುದು. ಇದೇ ನಮ್ಮ ವಾರ. ಮುದ್ರಣಾಲಯ, ವಕೀಲರ ಕಚೇರಿ, ಹತ್ತಿಯ ದಲಾಲಿ ಅಂಗಡಿ, ಶಾಲೆ, ಏನು ಕಂಡರೂ ಬಿಡಲಿಲ್ಲ. ಹೊಸ ಹೊಸ ಬೀದಿಗಳ ಹೆಸರುಗಳನ್ನು ಅವಳು ಎರಡೆರಡು ಸಲ ಓದುತ್ತಿದ್ದಳು. ಆಸ್ಪತ್ರೆಗೆ ಹತ್ತಿರವೋ ದೂರವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಆದರೂ, "ಇದು ಹತ್ರ ಇರ್ಬೋದು ಅನ್ಸುತ್ತೆ" ಎನ್ನುತ್ತಿದ್ದಳು. ನಾನೂ ಹೌದೆನ್ನುತ್ತಿದ್ದೆ.

ಬ್ಯಾಚಿನಲ್ಲಿ ಶಿರಾಳಕೊಪ್ಪದಿಂದ ಬರುವ ಒಬ್ಬ ಹುಡುಗಿ ಇದ್ದಳು. ಬೆರಳಿನಷ್ಟೇ ಬಾಯಿಯೂ ವೇಗ. ಮೊದಲ ಸೋಮವಾರವೇ ಕೈಬರಹದ ಪ್ರತಿ ನೋಡಿ ತಲೆಯೆತ್ತಿದಳು.

"ಸರ್, ಇದು ಅಕ್ಕಾರ ಅರ್ಜಿ ಏನ್ರೀ?"

"ಹೆಸರು ಯಾರದ್ದೈತೆ ನೋಡು. ನನ್ನದು."

"ಹೆಸ್ರು ನಿಮ್ದೇ ಸರ್, ಆದ್ರೆ ಇಲ್ಲಿ…"

"ಗೋಡೆ ಮೇಲೆ ಏನೈತೆ ಓದು."

"ನೋಡಿದ್ದನ್ನು ನೋಡಿದಂತೆ ಹೊಡೆಯಿರಿ."

"ಹೊಡಿ ಮತ್ತೆ."

ಹೊಡೆದಳು. ಎಲ್ಲರೂ ಹೊಡೆದರು. ಒಂದು ಅಕ್ಷರ ಆಚೀಚೆಯಾಗದಂತೆ, ನೋಡಿದ್ದನ್ನು ನೋಡಿದಂತೆ. ನಾನು ಪ್ರತಿಯೊಂದನ್ನೂ ಮೂಲದ ಪಕ್ಕದಲ್ಲಿಟ್ಟು ತಾಳೆ ನೋಡಿ, ಸಹಿ ಹಾಕಿ, ಕಾರ್ಬನ್ ಪ್ರತಿಯನ್ನು ಫೈಲಿಗೆ ಸೇರಿಸಿ ಅಂಚೆಗೆ ಹಾಕಿದೆ.

ಮಾರ್ಚ್ ನಡುವಿನ ಹೊತ್ತಿಗೆ ಇಪ್ಪತ್ತಮೂರು ಅರ್ಜಿಗಳು ಹೋಗಿದ್ದವು. ಉತ್ತರದ ಕಾಲಂನಲ್ಲಿ ಮೂರು. ಒಬ್ಬರು ಸ್ಥಳೀಯರಿಗೇ ಆದ್ಯತೆ ಎಂದಿದ್ದರು. ಇನ್ನೊಬ್ಬರು ಹುದ್ದೆ ತುಂಬಿದೆ ಎಂದಿದ್ದರು. ಮೂರನೆಯದು ಒಂದು ಮುದ್ರಣಾಲಯದ ಕಾರ್ಡು: "ರಾತ್ರಿ ಪಾಳಿಗೆ ಮಹಿಳೆಯರನ್ನು ತೆಗೆದುಕೊಳ್ಳುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ." ನಾನು ಅದನ್ನು ಓದಿ, ಪಾಪ, ಯಾವುದೋ ಹೆಣ್ಣುಮಗಳಿಗೆ ಬರೆದದ್ದನ್ನು ನನಗೆ ಕಳಿಸಿದ್ದಾರೆ ಎಂದುಕೊಂಡೆ. ಡೈರಿಯಲ್ಲೂ ಹಾಗೆಯೇ ಬರೆದೆ: "ಬೇರೆಯವರ ಉತ್ತರ ನನಗೆ ಬಂದಿದೆ." ನನಗೆ ಬರಬೇಕಾದದ್ದು ಆ ಹೆಣ್ಣುಮಗಳಿಗೆ ಹೋಗಿರಬಹುದು, ಅದರಲ್ಲಿ ಸಂದರ್ಶನದ ಕರೆ ಇದ್ದಿರಬಹುದು ಎಂದು ಎರಡು ದಿನ ಕೊರಗಿದೆ ಕೂಡ.

ಅಪ್ಪಾಜಿ ಕೇಳುತ್ತಿರಲಿಲ್ಲ. ಅಂಚೆಯವನು ಅಂಗಡಿಗೇ ಕಾಗದ ಕೊಟ್ಟು ಹೋಗುತ್ತಿದ್ದುದರಿಂದ ಅವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ಹೆಂಡತಿ ಸಮವಸ್ತ್ರ ಬಿಡಿಸುವುದನ್ನು ನಿಲ್ಲಿಸಿದ್ದಳು. ಅದನ್ನು ನಾನು ಗಮನಿಸಿದೆ.

ಯುಗಾದಿಗೆ ಎರಡು ದಿನ ಇರುವಾಗ ನಾಲ್ಕನೆಯ ಉತ್ತರ ಬಂತು. ಹುಬ್ಬಳ್ಳಿಯ ಒಂದು ಟೈಪಿಂಗ್ ಮತ್ತು ಕಂಪ್ಯೂಟರ್ ಕೇಂದ್ರದಿಂದ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನಕ್ಕೆ ಬರಬೇಕೆಂದು. ಅಪ್ಪಾಜಿ ಲಕೋಟೆ ಕೊಡುತ್ತ, "ಏನೋ ಬಂದೈತೆ ನೋಡು. ಹೆಸರಿನ ಮುಂದೆ ಶ್ರೀಮತಿ ಅಂತ ಹಾಕ್ಯಾರೆ. ಹುಬ್ಬಳ್ಳಿ ಮಂದಿಗೆ ಬುದ್ಧಿ ಐತೋ ಇಲ್ಲೋ" ಎಂದರು. ನನ್ನ ಹೆಸರು ಗಂಡಿಗೂ ಹೆಣ್ಣಿಗೂ ಒಪ್ಪುವಂಥದ್ದು. ಚಿಕ್ಕಂದಿನಿಂದಲೂ ಶಾಲೆಯ ಹಾಜರಿಯಲ್ಲಿ ಈ ಗೊಂದಲ ಇದ್ದದ್ದೇ. ಹಾಗಾಗಿ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬಕ್ಕೆಂದು ಹೆಂಡತಿ ಆಗಲೇ ತವರಿಗೆ ಹೋಗಿದ್ದಳು. ಕಾಗದವನ್ನೂ ಅರ್ಜಿಯ ಫೈಲನ್ನೂ ಬ್ಯಾಗಿಗೆ ಹಾಕಿಕೊಂಡು ಕುಪ್ಪಗಡ್ಡೆಗೆ ಹೊರಟೆ. ಬಸ್ಸಿನಲ್ಲಿ ಆ ಕಾಗದವನ್ನು ಎಷ್ಟು ಸಲ ಓದಿದೆನೋ, ಅದೊಂದನ್ನು ಮಾತ್ರ ಎಣಿಸಲಿಲ್ಲ.

ಹಬ್ಬದ ದಿನ ಬೇವುಬೆಲ್ಲ, ಹೋಳಿಗೆ ಊಟ ಎಲ್ಲ ಮುಗಿದ ಮೇಲೆ ಹೆಂಡತಿಗೆ ಕಾಗದ ತೋರಿಸಿದೆ. ಮೊದಲ ಸಾಲಿಗೇ ಅವಳ ಮುಖ ಅರಳಿತು. ಎರಡನೆಯ ಸಾಲಿಗೆ ಹುಬ್ಬು ಗಂಟಿಕ್ಕಿತು.

"ಇಲ್ಲಿ 'ಮಹಿಳಾ ವಿಭಾಗದ ಬೋಧಕಿಯ ಹುದ್ದೆಗೆ' ಅಂತ ಇದೆಯಲ್ರೀ?"

"ಬೋಧಕರು ಬೇಕು ಅಂತ ಇತ್ತು ಜಾಹೀರಾತಲ್ಲಿ. ಗುಮಾಸ್ತ ಯಾರೋ ತಪ್ಪು ಬರೆದಿರಬೇಕು."

"ನೀವು ಕಳಿಸಿದ್ದು ಎಲ್ಲಿ? ಕೊಡಿ ಇಲ್ಲಿ."

ಕಾರ್ಬನ್ ಪ್ರತಿ ಕೊಟ್ಟೆ. ಅವಳು ಬೆರಳಿಟ್ಟು ಓದುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು. ಆಮೇಲೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಲ್ಲೇ ಬಾಗಿದಳು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ನಗುತ್ತಿದ್ದಳು. ನಗೆ ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

"ವೈವಾಹಿಕ ಸ್ಥಿತಿ" ಎಂಬುದರ ಮುಂದೆ ಇದ್ದದ್ದು: ವಿವಾಹಿತೆ.

ಕೊನೆಯ ಅಕ್ಷರಕ್ಕೆ ತಲೆಕಟ್ಟು ಇರಬೇಕಾದ ಕಡೆ ಎತ್ವ. ಅವಳ ಅರ್ಜಿಯಿಂದ ನನ್ನ ಅರ್ಜಿಗೆ ಹಾಗೆಯೇ ನಡೆದು ಬಂದಿತ್ತು. ಫೈಲನ್ನು ಕಸಿದುಕೊಂಡು ಒಂದೊಂದೇ ತಿರುವಿದೆ. ವಿವಾಹಿತೆ, ವಿವಾಹಿತೆ, ವಿವಾಹಿತೆ. ಇಪ್ಪತ್ತಮೂರರಲ್ಲೂ ಒಂದೇ ಒಂದು ಅಕ್ಷರ ಆಚೀಚೆಯಾಗದೆ. ರಾತ್ರಿ ಪಾಳಿಯ ಕಾರ್ಡು ಬೇರೆ ಯಾವ ಹೆಣ್ಣುಮಗಳದ್ದೂ ಅಲ್ಲ, ಆ ಹೆಣ್ಣುಮಗಳು ನಾನೇ. ಶಿರಾಳಕೊಪ್ಪದ ಹುಡುಗಿ "ಆದ್ರೆ ಇಲ್ಲಿ…" ಎಂದು ಹೇಳಲು ಹೊರಟದ್ದು ಏನೆಂದು ಆಗ ತಿಳಿಯಿತು.

ಗದ್ದಲ ಕೇಳಿ ನನ್ನ ಮಾವ ಬಂದರು. ಮಗಳು ಹೇಳಿದ್ದನ್ನು ಕೇಳಿ ಗಂಭೀರವಾಗಿಯೇ ನನ್ನನ್ನು ನೋಡಿ, "ಹಂಗಾದ್ರೆ ಅಳಿಯಂದ್ರೇ, ನಾವು ಕೊಟ್ಟಿದ್ದು ಯಾರಿಗೆ ಅಂತಾಯ್ತು?" ಎಂದು ಒಳಗೆ ಹೋದರು.

ನನಗೆ ನಗೆ ಬರಲಿಲ್ಲ. ಮಾರ್ಚ್ ಮೂವತ್ತಕ್ಕೆ ಹತ್ತೇ ದಿನ ಉಳಿದಿತ್ತು. ಇಪ್ಪತ್ತಮೂರು ಅರ್ಜಿಗಳನ್ನು ತಿದ್ದಿ ಮತ್ತೆ ಕಳಿಸುವ ಕಾಲ ಮುಗಿದಿತ್ತು. ಬಂದ ಒಂದು ಕರೆ ಹೆಂಗಸಿಗೆ. "ಹೋಗಿ ಏನು ಮಾಡಲಿ? ಮುಖ ನೋಡಿದ ಕೂಡಲೇ ಕಳಿಸ್ತಾರೆ" ಎಂದೆ.

ಅವಳ ನಗೆ ನಿಂತಿತು. "ಕಳಿಸಿದ್ರೆ ಒಂದು ದಿನ ಹೋಗುತ್ತೆ. ಹೋಗದೇ ಇದ್ರೆ ನನ್ ಕೆಲ್ಸ ಹೋಗುತ್ತೆ. ಯಾವ್ದು ಹೋಗ್ಲಿ ಹೇಳಿ?" ಎಂದಳು. "ನಾನೂ ಬರ್ತೀನಿ. ಆಸ್ಪತ್ರೆ ಹೊರಗಿಂದಾದ್ರೂ ನೋಡ್ಕಂಡು ಬರೋಣ" ಎಂದಳು.

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಸೊರಬದಲ್ಲಿ ಹತ್ತಿದೆವು. ಮೂರು ತಿಂಗಳು ಅದರ ಪತ್ರಿಕೆಗಾಗಿ ಕಾದ ದಾರಿ, ಈಗ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನಾವು. ಜಡೆ ಗ್ರಾಮದ ಕಡೆ ಹೋಗುವವರು, ಹಬ್ಬ ಮುಗಿಸಿ ತಿರುಗುವವರು, ಬಸ್ಸು ತುಂಬಿತ್ತು. ಆನವಟ್ಟಿ ದಾಟಿ ಹಾನಗಲ್ಲು ಬರುವ ಹೊತ್ತಿಗೆ ಸುತ್ತಲಿನ ಮಾತಿನ ಧಾಟಿಯೇ ಬದಲಾಯಿತು. "ಎಂತ" ಎನ್ನುವವರು ಇಳಿದರು, "ಏನ್ರಿ" ಎನ್ನುವವರು ಹತ್ತಿದರು. ಹೆಂಡತಿ ಕಿವಿಗೊಟ್ಟು ಕೇಳಿ ಪಿಸುಗುಟ್ಟುತ್ತಿದ್ದಳು: "ಕುಂಡ್ರಿ. ಕುಂಡ್ರಿ ಅನ್ಬೇಕು ಇನ್ಮೇಲೆ ಪೇಷಂಟಿಗೆ." ತನ್ನ ಕೈಚೀಲವನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ. ನಾನು ಹೊರುತ್ತೇನೆ ಎಂದರೂ ಕೊಡಲಿಲ್ಲ.

ಕೇಂದ್ರ ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಐವತ್ತರ ಆಸುಪಾಸಿನ ಹೆಂಗಸೇ ಅದರ ಒಡತಿ. ಕಾಗದ ನೋಡಿದವರೇ ನನ್ನ ಹೆಂಡತಿಯ ಕೈ ಹಿಡಿದರು.

"ಬರ್ರಿ ತಂಗಿ, ಒಳಗ ಬರ್ರಿ. ಭಾಳ ದೂರದಿಂದ ಬಂದೀರಿ. ಅಣ್ಣಾರ, ನೀವು ಅಲ್ಲೇ ಬೆಂಚಿನ ಮ್ಯಾಲ ಕುಂಡ್ರಿ."

"ನಾನಲ್ರೀ ಮೇಡಂ. ಅರ್ಜಿ ಹಾಕಿದ್ದು ಇವ್ರು."

ಅವರು ನನ್ನನ್ನು ನೋಡಿದರು. ಅರ್ಜಿ ತರಿಸಿ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ವಿವಾಹಿತೆ ಅಂತ ಐತಲ್ರಿ ಇಲ್ಲೆ?"

"ವಿವಾಹಿತ, ಮೇಡಂ. ತಲೆಕಟ್ಟು ತಪ್ಪಿ ಎತ್ವ ಬಿದ್ದಿದೆ."

"ಟೈಪಿಂಗ್ ಮಾಸ್ತರ ಅಂತೀರಿ, ಸ್ವಂತ ಅರ್ಜ್ಯಾಗ ಲಿಂಗಾನ ಬದ್ಲಿ ಮಾಡೀರಲ್ರಿ!"

ಒಳಗೆ ಕೂತಿದ್ದ ಅಭ್ಯರ್ಥಿಗಳೆಲ್ಲ ಗೊಳ್ಳೆಂದು ನಕ್ಕರು. ಆರು ಜನ, ಎಲ್ಲರೂ ಹೆಂಗಸರು. ನಾನು ತಿರುಗಿ ಹೊರಟೆ. "ಎಲ್ಲಿಗೆ ಹೊಂಟ್ರಿ? ಅಷ್ಟ್ ದೂರದಿಂದ ಬಂದೋರ್ನ ಹಂಗ ಕಳಸೂದಿಲ್ಲ ನಾವು. ಪಾಳಿ ಬರೂತನಾ ಕುಂಡ್ರಿ" ಎಂದು ನನ್ನನ್ನು ಒಳಗೆ ಕೂರಿಸಿದರು.

ಹೊರಗಿನ ಬೆಂಚಿನ ಮೇಲೆ ಆ ಹೆಂಗಸರ ಗಂಡಂದಿರು ಸಾಲಾಗಿ ಕೂತಿದ್ದರು. ಒಬ್ಬರ ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಬ್ಬರ ತೊಡೆಯ ಮೇಲೆ ಹೆಂಡತಿಯ ವ್ಯಾನಿಟಿ ಬ್ಯಾಗು. ಅವರ ನಡುವೆ ನನ್ನ ಹೆಂಡತಿ. ಪಕ್ಕದವರು ಮಾತಿಗೆಳೆದರಂತೆ.

"ನಿಮ್ಮ ಮನಿಯವ್ರು ಒಳಗ ಅದಾರೇನ್ರಿ?"

"ಹೌದ್ರೀ."

"ನಮ್ಮ ಮನಿಯವ್ರೂ ಒಳಗ ಅದಾರ. ಹೆದರೂದು ಏನಿಲ್ರಿ, ಮೇಡಮ್ಮಾರು ಚಲೋ ಮಂದಿ" ಎಂದು ಅವರು ಸಮಾಧಾನ ಹೇಳಿದರಂತೆ. ಇದನ್ನು ಅವಳು ಈಗಲೂ ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಾಳೆ.

ನನ್ನ ಪಾಳಿ ಕೊನೆಯದು. ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ಪುಟ ಕೊಟ್ಟರು. ಹೊಡೆದೆ. ಮಷೀನಿನ ಮುಂದೆ ಕೂತ ಮೇಲೆ ನಾಚಿಕೆಯೆಲ್ಲ ಹೋಯಿತು. ಅವರು ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಶಿಕಾರಿಪುರ ಯಾಕ ಬಿಡಾಕತ್ತೀರಿ? ಕೌಟುಂಬಿಕ ಕಾರಣ ಅಂದ್ರ ಏನ್ರಿ? ಅಣ್ಣತಮ್ಮಂದ್ರ ಜಗಳಾನೊ?"

"ಅಲ್ಲ ಮೇಡಂ. ನನ್ನ ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಅವಳ ಜೊತೆ ನಾನೂ ಬರಬೇಕು. ನನಗೆ ಕೆಲಸ ಸಿಕ್ಕದಿದ್ದರೆ ಅವಳೂ ಬರುವ ಹಾಗಿಲ್ಲ."

ಆ ಮಾತನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸಿದ ಮೇಲೆ, ಇಷ್ಟೇ ತಾನೇ ಅನ್ನಿಸಿತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಕಿ ಸಲುವಾಗಿ ನೀವು ಬರಾಕತ್ತೀರಿ?"

"ಹೌದು."

"ನಾ ಯಾಕ ಲಗ್ನ ಆದೋರ್ನ ಕೇಳತೇನಿ ಗೊತ್ತೇನ್ರಿ? ಲಗ್ನ ಆಗದೋರು ಲಗ್ನ ಆತು ಅಂತ ಬಿಡ್ತಾರ. ಆಮ್ಯಾಲ ಲಗ್ನ ಆದೋರ್ನ ತಗೊಂಡೆ. ಅವರು ಗಂಡಗ ವರ್ಗ ಆತು ಅಂತ ಗಂಟು ಕಟ್ಟಿದ್ರು. ನಾ ಕಲಿಸಿ ತಯಾರ ಮಾಡೂದು, ಅವರು ಹೋಗೂದು. ಈಗ ನೀವು ಹೇಳ್ರಿ, ನಿಮ್ಮ ಮನಿಯವ್ರಿಗೆ ವರ್ಗ ಆಗೂದು ಎಂದ?"

"ಈಗಿನ್ನೂ ಸೇರಬೇಕು ಮೇಡಂ. ನಾಲ್ಕೈದು ವರ್ಷವಂತೂ ಆಗಲಿಕ್ಕಿಲ್ಲ."

"ನಾಕೈದು ವರ್ಷ! ಅಷ್ಟು ದಿನ ನನ್ನ ಹತ್ರ ಯಾರೂ ನಿಂತಿಲ್ರಿ." ಎದ್ದು ಬಾಗಿಲ ತನಕ ಹೋಗಿ ಬೆಂಚಿನ ಕಡೆ ಕೂಗಿದರು: "ತಂಗಿ, ಇಲ್ಲಿ ಬರ್ರಿ. ಹೆಣ್ಮಕ್ಕಳ ಕ್ಲಾಸಿಗೆ ನಿಮ್ಮ ಗಂಡನ್ನ ಹಚ್ಚಬೇಕು ಅಂತೀನಿ. ಹೆಂಗ ಮನಶಾ?"

ನನ್ನ ಹೆಂಡತಿ ನನ್ನ ಮುಖ ನೋಡಿ ಹೇಳಿದಳು: "ತಪ್ಪು ಮಾಡೋದು ಕಡಿಮೆ ಮೇಡಂ. ಆದ್ರೆ ಮಾಡಿದ್ರೆ ಅದನ್ನೇ ಇಪ್ಪತ್ಮೂರು ಸಲ ಮಾಡ್ತಾರೆ."

ಅವರು ನಕ್ಕ ನಗೆಗೆ ಒಳಗಿನ ಮಷೀನುಗಳ ಸದ್ದು ನಿಂತಿತು. ಆಮೇಲೆ ನನ್ನನ್ನು ಒಂದು ಮೂಲೆಗೆ ಕರೆದೊಯ್ದರು. ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದ ಎರಡು ಕಂಪ್ಯೂಟರುಗಳು. ಒಂದರ ಬಟ್ಟೆ ಸರಿಸಿ, "ಇದನ್ನೂ ಕಲೀಬೇಕಾಗತದ. ಒಂದ ಶಬ್ದ ಹೊಡದು ನೋಡ್ರಿ" ಎಂದರು. ಯಾವ ಅಕ್ಷರ ಎಲ್ಲಿದೆ ಎಂದು ಅವರೇ ತೋರಿಸಿಕೊಟ್ಟರು. ನನಗೆ ಬೇರೆ ಶಬ್ದವೇ ಹೊಳೆಯಲಿಲ್ಲ. "ವಿವಾಹಿತೆ" ಎಂದು ಹೊಡೆದೆ. ಅವರು ಬಗ್ಗಿ ಒಂದು ಕೀಲಿ ಒತ್ತಿದರು, ಎತ್ವ ಮಾಯವಾಯಿತು. ರಬ್ಬರಿನಲ್ಲಿ ತಿಕ್ಕಿದ ಗುರುತಿಲ್ಲ, ಹಾಳೆ ಹರಿದಿಲ್ಲ. ಪರದೆಯ ಮೇಲೆ "ವಿವಾಹಿತ" ಎಂದು ನಿಂತಿತ್ತು. ಹತ್ತು ವರ್ಷ ಟೈಪು ಹೊಡೆದ ನನ್ನ ಬೆರಳುಗಳು ಸುಮ್ಮನೆ ಆ ಕೀಲಿಯ ಮೇಲೆ ಹೋಗಿ ನಿಂತವು.

"ಸೋಮವಾರದಿಂದ ಬರ್ತೀರಲ್ರಿ?" ಎಂದರು.

ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಸ್ವಲ್ಪ ದೂರ ನಡೆದ ಮೇಲೆ ಹೆಂಡತಿ ನಿಂತು, ಬೆಳಗಿನಿಂದ ಬಿಡದೆ ಹಿಡಿದಿದ್ದ ಕೈಚೀಲದ ಜಿಪ್ ತೆಗೆದಳು. ನೇಮಕಾತಿ ಆದೇಶ, ಮೂಲ ಪ್ರಮಾಣಪತ್ರಗಳು, ಕೆಳಗೆ ಮಡಚಿದ ಬಿಳಿ ಸಮವಸ್ತ್ರ. ಹಬ್ಬಕ್ಕೆ ತವರಿಗೆ ಹೊರಡುವಾಗಲೇ ಎಲ್ಲವನ್ನೂ ಜೊತೆಗೆ ತಂದುಕೊಂಡಿದ್ದಳು.

"ಹೊರಗಿಂದ ನೋಡ್ಕಂಡು ಹೋಗೋಣ ಅಂದಿದ್ದೆಯಲ್ಲ?" ಎಂದೆ.

"ಆಗ ನಿಮಗೆ ಕೆಲ್ಸ ಇರ್ಲಿಲ್ಲ" ಎಂದಳು. "ಇವತ್ತೇ ಹಾಜರಾಗಿ ಬಿಡ್ತೀನಿ. ಇನ್ನೊಂದ್ ರಾತ್ರಿ ಕಾಯಕ್ಕೆ ನನ್ ಕೈಲಾಗಲ್ಲ."

ದಾರಿ ಕೇಳಿಕೊಂಡು ಆಸ್ಪತ್ರೆ ಮುಟ್ಟಿದೆವು. ನಾವು ರಾತ್ರಿಗಳಲ್ಲಿ "ಹತ್ತಿರ ಇರಬಹುದು" ಎಂದುಕೊಂಡ ಬೀದಿಗಳಲ್ಲಿ ಒಂದೂ ಹತ್ತಿರ ಇರಲಿಲ್ಲ. ಕಚೇರಿಯ ಒಳಗೆ ಅವಳೊಬ್ಬಳೇ ಹೋದಳು. ನಾನು ಗೇಟಿನ ಪಕ್ಕದ ಮರದ ಕೆಳಗೆ ನಿಂತೆ. ಕಾವಲಿನವನು ಒಂದೆರಡು ಸಲ ನೋಡಿ ಹತ್ತಿರ ಬಂದ.

"ಯಾರ್ನ ಕಾಯಾಕತ್ತೀರಿ?"

"ನಮ್ಮ ಮನೆಯವ್ರು ಒಳಗೆ ಹೋಗಿದ್ದಾರೆ."

"ಆರಾಮಿಲ್ಲೇನ್ರಿ?"

"ಆರಾಮಿದ್ದಾರೆ. ಕೆಲಸಕ್ಕೆ ಸೇರ್ತಿದ್ದಾರೆ."

ಅವನು ತನ್ನ ಸ್ಟೂಲನ್ನೇ ನನ್ನ ಕಡೆ ಸರಿಸಿದ. ಬಾಗಿಲ ಬಳಿ ಕೂತು ಹಾದಿ ಕಾಯುವುದು ಎಂದರೆ ಅಪ್ಪಾಜಿ ಹೇಳಿದ್ದು ಇದನ್ನೇ. ನಾನು ಖುಷಿಯಿಂದ ಕೂತೆ.

ಅವಳು ಹೊರಗೆ ಬಂದಾಗ ಮೂರೂವರೆ ಆಗಿತ್ತು. ಹಾಜರಾತಿ ಪುಸ್ತಕದಲ್ಲಿ "ಮಧ್ಯಾಹ್ನದ ನಂತರ" ಎಂದು ಬರೆಸಿಕೊಂಡು ಸಹಿ ಹಾಕಿದ್ದಳು. ಸಾಮಾನು ತರಲು ಮೇಟ್ರನ್ ಸೋಮವಾರದವರೆಗೆ ಬಿಟ್ಟಿದ್ದರು. ಎದುರಿಗಿದ್ದ ಎಸ್‌ಟಿಡಿ ಬೂತಿಗೆ ನುಗ್ಗಿ ಅಂಗಡಿಗೆ ಫೋನು ಹಚ್ಚಿದೆವು. ರಿಸೀವರಿಗೆ ಇಬ್ಬರೂ ಕಿವಿ ಸೇರಿಸಿ ನಿಂತೆವು. ದೂರದ ಫೋನೆಂದರೆ ಕೂಗಿಯೇ ಮಾತಾಡಬೇಕೆಂದು ಅಪ್ಪಾಜಿಯ ನಂಬಿಕೆ.

"ಹಲೋ! ಏನಾತು?"

"ಆತು ಅಪ್ಪಾಜಿ. ಇಬ್ರಿಗೂ ಆತು."

"ಮೊದ್ಲು ಯಾರಿಗಾತು?"

"ನನಗೆ. ಅದಾದ್ಮೇಲೇ ಅವ್ಳು ಹೋಗಿ ಸಹಿ ಹಾಕಿದ್ದು."

"ಹಂಗಾರೆ ಸರಿ. ನಿಂಗೆ ಎಲ್ಲಿ?"

"ಟೈಪಿಂಗ್ ಕಲಿಸಾಕೆ. ಹೆಣ್ಮಕ್ಕಳ ಕ್ಲಾಸಿಗೆ."

"ಅದಕ್ಕೇನಾ ಶ್ರೀಮತಿ ಅಂತ ಹಾಕಿದ್ದು!" ಎಂದರು. ಅಷ್ಟರಲ್ಲಿ ಅಂಗಡಿಯಲ್ಲಿದ್ದ ಗಿರಾಕಿ ಯಾರೋ, ಏನಂತೆ ಸಾವ್ಕಾರ್ರೇ ಎಂದು ಕೇಳಿರಬೇಕು. ರಿಸೀವರನ್ನು ಬಾಯಿಯಿಂದ ಸರಿಸಿದರೂ ಅವರ ಕೂಗು ನಮಗಿಬ್ಬರಿಗೂ ಕೇಳಿಸಿತು.

"ನಮ್ ಸೊಸೆಗೆ ಹುಬ್ಬಳ್ಳ್ಯಾಗೆ ಸರ್ಕಾರಿ ಕೆಲ್ಸ ಆತು ಕಣಪ, ಇವತ್ತೇ ಹಾಜರಾದ್ಲಂತೆ! ಹೂಂ, ಹೂಂ, ಅವಂಗೂ ಅಲ್ಲೇ ಏನೋ ಒಂದು ಆಗೈತೆ."